ಎಡಗೈ ಮಣಿಕಟ್ಟು ನೋವು: ಗೇರ್ ಬೈಕೋ, ಗೇರ್‌ಲೆಸ್ಸೋ? ಓಡಿಸಿದೋರು ಹೇಳಿ

ಗುಬ್ಬಿಯಿಂದ ಪ್ರಶ್ನೆ:
ದಿನಾ ಗುಬ್ಬಿ–ತುಮಕೂರು ಹೋಗಿ ಬರೋದು. ಸಂಜೆ ಬಿ.ಎಚ್. ರಸ್ತೇಲಿ ಒಂದು, ಎರಡನೇ ಗೇರು ಬಿಟ್ಟು ಮೇಲಕ್ಕೆ ಹೋಗೋಕೇ ಆಗಲ್ಲ. ಎಡಗೈ ಮಣಿಕಟ್ಟು ನೋವು ಶುರುವಾಗಿದೆ. ಬೈಕು 125 ಸಿಸಿ, 38 ಸಾವಿರ ಓಡಿದೆ, ಕ್ಲಚ್ ತುಂಬಾ ಗಟ್ಟಿ. ಮಾರಿ ಗೇರ್‌ಲೆಸ್ ಸ್ಕೂಟರ್ ತಗೊಳ್ಳಲಾ? ಆಗಾಗ ದೇವರಾಯನದುರ್ಗಕ್ಕೂ ಇಬ್ಬರು ಹೋಗ್ತೀವಿ.

ಶಿಡ್ಲಘಟ್ಟ:
ತಗೊಳ್ಳಿ ಸಾರ್. ಆದ್ರೆ ಗೇರ್‌ಲೆಸ್‌ಗೆ ಖರ್ಚೇ ಇಲ್ಲ ಅನ್ನೋರನ್ನ ನಂಬಬೇಡಿ. ರೇಷ್ಮೆ ಗೂಡಿನ ಮೂಟೆ ಹೊರೋ ಗಾಡಿ ನಂದು, 22 ಸಾವಿರ ಕಿ.ಮೀ.ಗೆ ಬಿಚ್ಚಿಸಿದಾಗಿನ ಲೆಕ್ಕ ಇದು, ರೂಪಾಯಲ್ಲಿ: ಬೆಲ್ಟ್ (ಎಂಜಿನ್ ಎಳೆತ ಹಿಂದಕ್ಕೆ ಒಯ್ಯೋದು) 650, ರೋಲರ್ (ಸ್ಪೀಡ್ ಏರಿದಂಗೆ ಬೆಲ್ಟನ್ನ ಮೇಲಕ್ಕೆ ತಳ್ಳೋ ಗುಂಡು) ಆರು ಸೇರಿ 240, ಸ್ಲೈಡ್ ಪೀಸ್ 90, ಕ್ಲಚ್ ಶೂ (ಎಂಜಿನ್ ಜೋರಾದಾಗ ಅಗಲಿ ಹಿಂದಿನ ಚಕ್ರಕ್ಕೆ ಎಳೆತ ಕೊಡೋದು) 850, ಗೇರ್ ಆಯಿಲ್ 60, ಕೂಲಿ 400. ಒಟ್ಟು 2,290. ರೋಲರ್ ಒಂದು ಮಗ್ಗುಲು ಸವೆದು ಚಪ್ಪಟೆ ಆದ್ರೆ ಉರುಳಲ್ಲ, ಬೆಲ್ಟ್ ಮೇಲಕ್ಕೆ ಏರಲ್ಲ, ಆಕ್ಸಿಲೇಟರ್ ಎಷ್ಟು ತಿರುವಿದ್ರೂ ಸದ್ದು ಬರ್ತದೆ, ಸ್ಪೀಡ್ ಬರಲ್ಲ. ನಿಂತಲ್ಲಿಂದ ಹೊರಡುವಾಗ ಗಡಗಡ ಅಂದ್ರೆ ಶೂ ಹೊಳಪು ಬಂದಿದೆ ಅಂತ ಅರ್ಥ. ಶೂನೂ ಬೆಲ್ (ಹೊರಗಿನ ಬಟ್ಟಲು) ಒಳಮೈನೂ ಸ್ಯಾಂಡ್ ಪೇಪರಲ್ಲಿ ಉಜ್ಜಿ ಪೆಟ್ರೋಲಲ್ಲಿ ಒರೆಸಿದ್ರೆ ಸ್ವಲ್ಪ ದಿನ ಬರ್ತದೆ. ಬೆಲ್ಟ್ ಸೀಳು ಬಿಟ್ಟಿದ್ರೆ ಮಾತ್ರ ಕಾಯಬೇಡಿ. ದಾರಿ ಮಧ್ಯ ಹರಿದ್ರೆ ಎಂಜಿನ್ ಓಡಿದ್ರೂ ಚಕ್ರ ತಿರುಗಲ್ಲ, ಗಾಡಿ ತಳ್ಕೊಂಡೇ ಹೋಗ್ಬೇಕು.

ಕೋಲಾರ:
ಸಾರ್, ಬೈಕ್ ಮಾರಬೇಡಿ. ಕ್ಲಚ್ ಪ್ಲೇಟ್ ಹೋಯ್ತು ಅಂತ ಗೋಳಾಡೋರೆಲ್ಲ ಲಿವರ್ ಮೇಲೆ ಎರಡು ಬೆರಳು ಇಟ್ಕೊಂಡೇ ಓಡ್ಸೋರು. ಆ ಎರಡು ಬೆರಳ ಭಾರಕ್ಕೇ ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟ್‌ಗಳನ್ನ ಒತ್ತಿ ಹಿಡಿಯೋದು) ಒಂದು ಕೂದಲೆಳೆ ಎದ್ದು ಪ್ಲೇಟ್ ಜಾರ್ತಾ ಇರ್ತದೆ. ಬೆಳಗ್ಗೆಯಿಂದ ಸಾಯಂಕಾಲದವರೆಗೂ ಉಜ್ಜಾಟ, ಬಿಸಿ, ಆಯಿಲ್ ಕಪ್ಪು. ಸಿಗ್ನಲ್‌ನಲ್ಲಿ ಕ್ಲಚ್ ಹಿಡ್ಕೊಂಡು ಒಂದನೇ ಗೇರಲ್ಲಿ ನಿಲ್ಲೋದೂ ತಪ್ಪು. ನ್ಯೂಟ್ರಲ್ ಹಾಕಿ, ಕೈ ಬಿಡಿ. ಲಿವರ್ ತುದೀಲಿ 10ರಿಂದ 20 ಎಂಎಂ ಸಡಿಲ ಇರ್ಬೇಕು. ಇಲ್ಲದಿದ್ರೆ ಹೊಸ ಪ್ಲೇಟೂ ಉಳಿಯಲ್ಲ.

ನನ್ನ ಗಾಡಿ ಮೊದಲ ಸೆಟ್ಟಲ್ಲೇ 52 ಸಾವಿರ ಓಡ್ತು. ಆಮೇಲೆ ಬಿಲ್: ಪ್ಲೇಟ್ ಸೆಟ್ 980, ಸ್ಪ್ರಿಂಗ್ ನಾಲ್ಕು 120, ಗ್ಯಾಸ್ಕೆಟ್ 70, ಆಯಿಲ್ 420, ಕೂಲಿ 500. ಒಟ್ಟು 2,090. ಪ್ಲೇಟ್ ಬದಲಿಸೋ ಮೊದಲು ಬೆಲ್‌ನ (ಬೈಕಲ್ಲಿ ಪ್ಲೇಟ್‌ಗಳು ಕೂರೋ ಬಟ್ಟಲು) ಕಿಂಡಿಗಳ ಅಂಚನ್ನ ಉಗುರಲ್ಲಿ ಸವರಿ ನೋಡಿ. ಪ್ಲೇಟಿನ ಹಲ್ಲು ಬಡಿದು ಗುಂಡಿ ಬಿದ್ದಿದ್ರೆ ಹೊಸ ಪ್ಲೇಟೂ ಸಿಕ್ಕಿಕೊಳ್ತದೆ, ನ್ಯೂಟ್ರಲ್ ಸಿಗಲ್ಲ. ಸ್ಟೀಲ್ ಪ್ಲೇಟ್ ನೀಲಿ ತಿರುಗಿದ್ರೆ ಅದನ್ನೂ ಎಸೀಬೇಕು. ಮೆಕ್ಯಾನಿಕ್ ಹಳೇದನ್ನೇ ಒರೆಸಿ ಹಾಕ್ತಾನೆ, ಪಕ್ಕದಲ್ಲೇ ನಿಂತಿರಿ.

ಚಿಕ್ಕಬಳ್ಳಾಪುರ:
ಶಿಡ್ಲಘಟ್ಟದೋರು ಇಬ್ಬರನ್ನ ದುರ್ಗಕ್ಕೆ ಸ್ಕೂಟರಲ್ಲಿ ಹತ್ತಿಸೋಕೆ ಹೊರಟವ್ರೆ! ಹತ್ತೋದು ಬಿಡಿ, ಇಳಿಯೋದು? ನಂದಿ ಬೆಟ್ಟದ ತಿರುವುಗಳಲ್ಲಿ ಬ್ರೇಕ್ ಒತ್ಕೊಂಡೇ ಇಳಿಯೋ ಸ್ಕೂಟರ್‌ಗಳ ಹತ್ರ ಹೋದ್ರೆ ಸುಟ್ಟ ವಾಸನೆ ಹೊಡೀತದೆ. ಬ್ರೇಕಿನ ಡ್ರಮ್ ಕಾದ್ರೆ ಲಿವರ್ ಒತ್ತಿದ್ರೂ ಬ್ರೇಕ್ ಹಿಡಿಯಲ್ಲ. ಬೈಕಲ್ಲಿ ಎರಡನೇ ಗೇರಿಗೆ ಹಾಕಿ ಬಿಟ್ರೆ ಎಂಜಿನ್ನೇ ತಡೀತದೆ. ಕೈ ಇನ್ನೂ ನೋವಾದ್ರೂ ಪರವಾಗಿಲ್ಲ, ಜೀವ ಮುಖ್ಯ.

ಶಿಡ್ಲಘಟ್ಟ:
ಓಡಿಸೋಕೆ ಬರದೆ ಗಾಡಿ ಬೈಬೇಡಿ ಸ್ವಾಮಿ. ಸ್ಕೂಟರಲ್ಲೂ ಎಂಜಿನ್ ತಡೆ ಐತೆ, ಕಮ್ಮಿ ಐತೆ ಅಷ್ಟೆ. ನಿಧಾನ ಆದಾಗ ಶೂ ಬೆಲ್ ಬಿಟ್ಬಿಡ್ತದೆ, ಆಗ ಗಾಡಿ ಸುಮ್ನೆ ಉರುಳ್ತದೆ. ಅದಕ್ಕೇ ಇಳಿಜಾರಲ್ಲಿ ಆಗಾಗ ಆಕ್ಸಿಲೇಟರ್ ಚೂರು ಕೊಟ್ಟು ಬಿಡ್ಬೇಕು, ಶೂ ಮತ್ತೆ ಹಿಡೀತದೆ. ಬ್ರೇಕ್ ಒಂದೇ ಸಮ ಒತ್ತದೆ, ತಿರುವಿಗೆ ಮೊದಲೇ ಗಟ್ಟಿಯಾಗಿ ಒತ್ತಿ ಬಿಡ್ಬೇಕು. 125 ಸಿಸಿವರೆಗಿನ ಹೊಸ ಗಾಡಿಗೆಲ್ಲ 2019ರ ಏಪ್ರಿಲ್‌ನಿಂದ ಕಾಂಬಿ ಬ್ರೇಕ್, ಇಲ್ಲಾ ಎಬಿಎಸ್ (ಚಕ್ರ ಕಚ್ಚಿ ಜಾರದಂತೆ ತಡೆಯೋದು) ಕಡ್ಡಾಯ ಆಯ್ತು. ಕಾಂಬಿ ಇರೋ ಸ್ಕೂಟರಲ್ಲಿ ಎಡಗಡೆ ಲಿವರ್ ಒಂದೇ ಒತ್ತಿದ್ರೂ ಎರಡೂ ಚಕ್ರ ಹಿಡೀತದೆ. ಅದು ಗೊತ್ತಿದ್ದು ಮಾತಾಡಿ.

ಚಿಕ್ಕಬಳ್ಳಾಪುರ:
ಕಾಂಬಿ ಬ್ರೇಕ್ ಇದ್ರೆ ಡ್ರಮ್ ಕಾಯಲ್ವಾ? ಹಿಂದೆ ಹೆಂಡ್ತಿ ಕೂತಾಗ ಈ ಪ್ರಯೋಗ ಮಾಡಿ, ಆಮೇಲೆ ಬಂದು ಹೇಳಿ.

ತುಮಕೂರು, ಶಿರಾ ಗೇಟ್:
ಇಬ್ಬರೂ ನಿಲ್ಲಿಸಿ. ಆಯಿಲ್ ಬಗ್ಗೆ ಯಾರೂ ಹೇಳಲಿಲ್ಲ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರತ್ತೆ, ಅದಕ್ಕೆ ಡಬ್ಬದ ಮೇಲೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಎಂಬಿ ಅಂತ ಇರೋದು ಸ್ಕೂಟರ್‌ಗೆ. ಅದರಲ್ಲಿ ಜಾರಿಕೆ ಹೆಚ್ಚು, ಬೈಕಿಗೆ ಹಾಕಿದ್ರೆ ಪ್ಲೇಟ್ ಜಾರತ್ತೆ. ಸ್ಕೂಟರ್ ಕ್ಲಚ್ ಒಣಗಿರೋ ಕಡೆ ಇರೋದ್ರಿಂದ ಅದಕ್ಕೆ ತೊಂದರೆ ಇಲ್ಲ. ಕಾರಿಂದು ಮಿಕ್ಕಿದ್ದ ಆಯಿಲ್ ಬೈಕಿಗೆ ಹುಯ್ದು ಕೆಟ್ಟಿದ್ದು ಕಂಪನಿ ತಪ್ಪು ಅಂತಾರೆ. ಪರೀಕ್ಷೆ ಸುಲಭ: ಟಾಪ್ ಗೇರಲ್ಲಿ 45ರಲ್ಲಿ ಹೋಗ್ತಾ ಆಕ್ಸಿಲೇಟರ್ ಪೂರ್ತಿ ತಿರುವಿ. ಸದ್ದು ಏರಿ ಸ್ಪೀಡ್ ಏರದಿದ್ರೆ ಪ್ಲೇಟ್ ಜಾರ್ತಿದೆ.

ಕೋಲಾರ:
ಕಾರ್ ಆಯಿಲ್ ಹಾಕಿ ಎರಡು ವರ್ಷ ಓಡ್ಸಿದೀನಿ, ಏನೂ ಆಗಿಲ್ಲ. ಡಬ್ಬ ಓದ್ಕೊಂಡು ಹೆದರಿಸಬೇಡಿ.

ತುಮಕೂರು, ಶಿರಾ ಗೇಟ್:
ಎಲ್ಲಾ ಕಾರ್ ಆಯಿಲ್‌ನಲ್ಲೂ ಜಾರಿಕೆ ಬೆರಕೆ ಒಂದೇ ಸಮ ಇರಲ್ಲ, ನಿಮ್ಮ ಅದೃಷ್ಟ. ಬೇರೆಯವರಿಗೆ ಅದೃಷ್ಟ ಶಿಫಾರಸು ಮಾಡಬೇಡಿ ಅಣ್ಣ.

ಮಾಲೂರು:
ನೋವು ಮಣಿಕಟ್ಟಿಗೆ, ನೀವೆಲ್ಲ ನಂದಿ ಬೆಟ್ಟ ಹತ್ತಿದೀರಿ. ಗುಬ್ಬಿಯೋರೆ, ಗಾಡಿ ಮಾರೋ ಮೊದಲು ಕೇಬಲ್ ನೋಡಿ. ಮೊದಲು ಎಂಜಿನ್ ಕಡೆ ಕೊನೆ ಬಿಚ್ಚಿ ಲಿವರ್ ಮಾತ್ರ ಆಡಿಸಿ. ಆಗಲೂ ಗಟ್ಟಿ ಅಂದ್ರೆ ದೋಷ ಕೇಬಲ್‌ನಲ್ಲೋ ಲಿವರ್ ಬೋಲ್ಟ್‌ನಲ್ಲೋ. ಬೋಲ್ಟ್ ತೆಗೆದು ಒರೆಸಿ ಗ್ರೀಸ್ ಹಚ್ಚಿ. ಕೇಬಲ್ ತುದಿಗೆ ಪ್ಲಾಸ್ಟಿಕ್ ಕವರ್ ಆಲಿಕೆ ತರಹ ಕಟ್ಟಿ, ತೆಳು ಎಣ್ಣೆ ಹುಯ್ದು, ಕೆಳಗಿನ ತುದಿಯಿಂದ ತೊಟ್ಟಿಕ್ಕೋವರೆಗೂ ಬಿಡಿ. ಕೇಬಲ್ ಮೇಲಿನ ತುದಿಯ ಲೋಹದ ಗುಂಡಿನ ಹತ್ರ ಒಂದೆಳೆ ಹರಿದಿದ್ರೂ ಹೊಸದೇ ಹಾಕಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ಮಡಚಿದ್ರೆ ದಾರಿ ತಪ್ಪಿ ಕೂತಿದೆ. ಇನ್ನೊಂದು, ಲಿವರ್ ಹಿಡಿಕೆ ಸಡಿಲಿಸಿ ಚೂರು ಕೆಳಕ್ಕೆ ತಿರುಗಿಸಿ. ಮೊಣಕೈಯಿಂದ ಬೆರಳತನಕ ನೇರ ಗೆರೆ ಬರಬೇಕು. ಲಿವರ್ ಮೇಲಿದ್ರೆ ಮಣಿಕಟ್ಟು ಹಿಂದಕ್ಕೆ ಮಡಚೇ ಇರ್ತದೆ, ಅರ್ಧ ನೋವು ಅಲ್ಲೇ.

ಪಾವಗಡ:
2009ರಲ್ಲಿ ಟಿವಿಎಸ್ ಜೈವ್ ಬಂದಿತ್ತು, ಕಾಲಲ್ಲಿ ಗೇರು, ಕೈಗೆ ಕ್ಲಚ್ಚೇ ಇಲ್ಲ. ಜನ ಕೊಳ್ಳಲಿಲ್ಲ, ಈಗ ಕೈ ನೋವು ಅಂತಾರೆ. ಈಗ ದೊಡ್ಡ ಬೈಕುಗಳಿಗೆ ಹೋಂಡಾ ಇ-ಕ್ಲಚ್ (ಲಿವರ್ ಹಿಡಿಯದೇ ಗೇರ್ ಬದಲಿಸೋದು) ಕೊಟ್ಟಿದೆ. ಅಂಥದ್ದು 125ಕ್ಕೇ ಮೊದಲು ಬರಬೇಕಿತ್ತು.

ಗುಬ್ಬಿ:
ಮಾಲೂರಿನವರು ಹೇಳಿದಂಗೆ ಕೆಳಗಡೆ ಬಿಚ್ಚಿ ನೋಡಿದೆ. ಲಿವರ್ ಬೆಣ್ಣೆ ತರಹ ಆಡ್ತದೆ. ಅಂದ್ರೆ ದೋಷ ಒಳಗೆ? ಎಂಟು ತಿಂಗಳ ಹಿಂದೆ ಪ್ಲೇಟ್ ಹಾಕಿಸಿದಾಗ 'ಜಾರಬಾರದು ಅಂತ ಗಟ್ಟಿ ಸ್ಪ್ರಿಂಗ್ ಹಾಕಿದೀನಿ' ಅಂದಿದ್ರು.

ಕೋಲಾರ:
ಅಲ್ಲೇ ಐತೆ ನೋಡಿ ಕಳ್ಳ! ಬೇರೆ ಗಾಡಿ ಸ್ಪ್ರಿಂಗ್ ಹಾಕವ್ರೆ.

ಮಾಲೂರು:
ಸ್ಪ್ರಿಂಗ್ ಒಂದೇ ಅಲ್ಲ, ಕವರ್ ಮೇಲಿನ ರಿಲೀಸ್ ತೋಳಿನ (ಕೇಬಲ್ ಎಳೆದಾಗ ಕ್ಲಚ್ ಬಿಡಿಸೋದು) ಶಾಫ್ಟ್ ತುಕ್ಕು ಹಿಡಿದಿದ್ರೂ ಹಿಂಗೇ. ಕೇಬಲ್ ಬಿಚ್ಚಿರೋವಾಗಲೇ ತೋಳನ್ನ ಕೈಯಲ್ಲಿ ಆಡಿಸಿ. ಮೊದಲ ಸಡಿಲದಲ್ಲೇ ಕರಕರ ಅಂದ್ರೆ ಅಲ್ಲಿ ಗ್ರೀಸ್. ನಯವಾಗಿದ್ರೆ ಕವರ್ ತೆಗೆಸಿ. ನಾಲ್ಕೂ ಸ್ಪ್ರಿಂಗನ್ನ ಕಂಪನಿ ಹೊಸ ಸ್ಪ್ರಿಂಗ್ ಪಕ್ಕ ನಿಲ್ಲಿಸಿ, ಉದ್ದನೂ ತಂತಿಯ ದಪ್ಪನೂ ಹೋಲಿಸಿ. ಬೇರೆ ಇದ್ರೆ ನಾಲ್ಕನ್ನೂ ಬದಲಿಸಿ, ಒಂದೆರಡಲ್ಲ. ಬೋಲ್ಟ್ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಕಡೆ ಬಿಗಿದ್ರೆ ಪ್ರೆಷರ್ ಪ್ಲೇಟಿನ ಕಂಬ ಮುರೀತದೆ. ಹೊಸ ಪ್ಲೇಟ್ ಹಾಕೋದಾದ್ರೆ ಆಯಿಲ್‌ನಲ್ಲಿ ನೆನೆಸಿ ಹಾಕಿಸಿ.

ಕೋಲಾರ:
ರಾತ್ರಿಯೆಲ್ಲ ನೆನೆಸಬೇಕು.

ತುಮಕೂರು, ಶಿರಾ ಗೇಟ್:
ಎಂಎ2 ಆಯಿಲ್‌ನಲ್ಲಿ. ಕಾರಿಂದಲ್ಲ.