ಊರ ಗ್ರಂಥಾಲಯಕ್ಕೆ ವಾಟ್ಸಾಪ್, ಫೇಸ್‌ಬುಕ್, ಪುಸ್ತಕಪಟ್ಟಿ: ಎಲ್ಲಿಂದ ಶುರು ಮಾಡುವುದು?

ಲೈಬ್ರರಿ ಅಕ್ಕ, ಬದಿಯಡ್ಕ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಊರ ಗ್ರಂಥಾಲಯದ ಕೆಲಸ ನನ್ನದು. ಸುಮಾರು ಆರು ಸಾವಿರ ಪುಸ್ತಕ ಉಂಟು. ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಮಲಯಾಳಂ, ಒಂದು ಕಪಾಟು ಇಂಗ್ಲಿಷ್. ಜೂನ್ 19ರ ವಾಚನ ದಿನದೊಳಗೆ ವಾಟ್ಸಾಪ್, ಫೇಸ್‌ಬುಕ್ ಎರಡೂ ಶುರುವಾಗಬೇಕು, ಪುಸ್ತಕದ ಪಟ್ಟಿಯೂ ಫೋನಿನಲ್ಲೇ ಸಿಗಬೇಕು ಎಂದು ಸಮಿತಿಯಲ್ಲಿ ತೀರ್ಮಾನವಾಗಿದೆ. ವಾಟ್ಸಾಪ್ ಗ್ರೂಪ್ ಮಾಡುವುದೋ, ಚಾನೆಲ್ಲೋ? ನನ್ನ ಸ್ವಂತ ನಂಬರಿನಲ್ಲಿ ಮಾಡಿದರೆ ತೊಂದರೆ ಉಂಟಾ? ಸ್ಟಾಕ್ ರಿಜಿಸ್ಟರನ್ನು ಹಿಂದೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಅದನ್ನು ವಾಟ್ಸಾಪಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಬರ್ತದೆ. ಆರು ಸಾವಿರವನ್ನೂ ಹೊಸತಾಗಿ ಟೈಪ್ ಮಾಡಬೇಕಾ?

ಪಯಸ್ವಿನಿ ದಡ

ಅಕ್ಕ, ಸ್ವಂತ ನಂಬರು ಖಂಡಿತ ಬೇಡ. ನಾಳೆ ಲೈಬ್ರರಿಯನ್ ಬದಲಾದರೆ ಓದುಗರೆಲ್ಲ ಹಳೆಯವರ ಫೋನಿನಲ್ಲೇ ಉಳಿಯುತ್ತಾರೆ. ಗ್ರಂಥಾಲಯಕ್ಕೆಂದೇ ಒಂದು ಸಿಮ್, ಒಂದು ಜಿಮೇಲ್ ಮಾಡಿಸಿ. ಪಾಸ್‌ವರ್ಡ್ ಬರೆದ ಚೀಟಿ ಲಕೋಟೆಯಲ್ಲಿ ಕಾರ್ಯದರ್ಶಿಯ ಹತ್ತಿರ ಇರಲಿ. ಸಿಮ್ಮಿಗೆ ರೀಚಾರ್ಜ್ ತಪ್ಪಬಾರದು. ಬಹಳ ಸಮಯ ಬಳಸದೆ ಬಿಟ್ಟ ನಂಬರನ್ನು ಕಂಪನಿ ರದ್ದು ಮಾಡಿ ಬೇರೆಯವರಿಗೆ ಕೊಡ್ತದೆ, ಆಗ ವಾಟ್ಸಾಪ್ ಖಾತೆ ತೆರೆಯುವ ಕೋಡ್ ಅವರಿಗೆ ಹೋಗ್ತದೆ.

ಆ ನಂಬರಿನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ಉಚಿತವೇ. ಸಮಯ, ರಜೆ, ವಿಳಾಸ ಅದರ ಪ್ರೊಫೈಲಿನಲ್ಲೇ ಬರೆಯಬಹುದು. ‘ಇವತ್ತು ತೆರೆದಿದೆಯಾ?’ ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುವುದರಿಂದ ಅದಕ್ಕೊಂದು ಸಿದ್ಧ ಉತ್ತರ ಉಳಿಸಿಕೊಳ್ಳಿ. ಲ್ಯಾಂಡ್‌ಲೈನ್ ಇದ್ದರೆ ಹೊಸ ಸಿಮ್ಮೂ ಬೇಡ. ಎಸ್‌ಎಂಎಸ್ ಬದಲು ‘ಕರೆ ಮಾಡಿ’ ಒತ್ತಿದರೆ ಕೋಡನ್ನು ಕರೆಯಲ್ಲಿ ಹೇಳ್ತದೆ. ಕೋಡ್ ಬೇರೆಯವರಿಗೆ ಸಿಕ್ಕಿದರೂ ಖಾತೆ ತೆರೆಯಲು ಆಗದ ಹಾಗೆ, ಆರಂಕಿಯ ‘ಎರಡು ಹಂತದ ಪರಿಶೀಲನೆ’ಯ ಪಿನ್ ಅದೇ ದಿನ ಹಾಕಿ. ಗ್ರಂಥಾಲಯದ ಕಂಪ್ಯೂಟರನ್ನೂ ಜೋಡಿಸಬಹುದು, ಆದರೆ ಮೂಲ ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದೆ ಇಟ್ಟರೆ ಜೋಡಣೆ ಕಡಿದುಹೋಗ್ತದೆ. ಮೇ ರಜೆಯಲ್ಲಿ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವಲ್ಲಿ ಹೀಗಾಗ್ತದೆ.

ಗ್ರೂಪೋ ಚಾನೆಲ್ಲೋ ಎಂದರೆ, ಸೂಚನೆಗೆ ಚಾನೆಲ್ಲೇ ಸರಿ. ಅದರಲ್ಲಿ ಹಾಕುವುದು ನಡೆಸುವವರು ಮಾತ್ರ, ಉಳಿದವರು ಓದುವುದಷ್ಟೆ. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರು ಉಳಿದವರಿಗೆಲ್ಲ ಕಾಣ್ತದೆ. ಶಾಲೆ ಮಕ್ಕಳು, ಹೆಂಗಸರು ಸದಸ್ಯರಾಗಿರುವ ಕಡೆ ಅದು ಸಣ್ಣ ವಿಷಯ ಅಲ್ಲ. ಚಾನೆಲ್ಲಿನಲ್ಲಿ ಓದುಗರಿಗೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ಬೆಳಗ್ಗಿನ ಶುಭೋದಯದ ಚಿತ್ರಗಳೂ ಬಂದು ಬೀಳುವುದಿಲ್ಲ. ಪುಸ್ತಕ ಚರ್ಚೆಗೆ ಇಪ್ಪತ್ತು ಮೂವತ್ತು ಜನ ಒಪ್ಪಿದರೆ ಅವರದ್ದೇ ಒಂದು ಗ್ರೂಪ್ ಇರಲಿ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ನೆಚ್ಚಬೇಡಿ. ಅದಕ್ಕೆ 256 ಜನರ ಮಿತಿ ಉಂಟು, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುವುದು. ‘ನನಗೆ ಬರಲೇ ಇಲ್ಲ’ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಫೇಸ್‌ಬುಕ್ಕಿನಲ್ಲಿ ಪೇಜ್ ಮಾಡಿ, ಪ್ರೊಫೈಲ್ ಅಲ್ಲ. ಪ್ರೊಫೈಲಿಗೆ 5000 ಗೆಳೆಯರ ಮಿತಿ ಇದೆ, ಅಲ್ಲದೆ ಸಂಸ್ಥೆಯ ಹೆಸರಿನ ಪ್ರೊಫೈಲನ್ನು ಅವರೇ ತೆಗೆದುಹಾಕಬಹುದು. ಪೇಜಿಗೆ ಪೂರ್ಣ ಅಧಿಕಾರ ಇಬ್ಬರಿಗೆ ಕೊಡಿ. ಒಬ್ಬರಿಗೇ ಇದ್ದು ಅವರ ಖಾತೆ ಹೋದರೆ ಪೇಜೂ ಹೋಯಿತು. ಆರು ಜನಕ್ಕೆ ಕೊಟ್ಟರೆ ಅವರಲ್ಲಿ ಯಾರು ಬೇಕಾದರೂ ಉಳಿದವರನ್ನು ತೆಗೆಯಬಹುದು.

ಅಕ್ಷರಜೋಡಣೆ

ಹೊಸತಾಗಿ ಟೈಪ್ ಮಾಡಬೇಡಿ ಅಕ್ಕ! ನಿಮ್ಮ ಕಡತದಲ್ಲಿರುವುದು ಹಳೆಯ ಫಾಂಟಿನ ಅಕ್ಷರ, ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಲ್ಲ. ಕಂಪ್ಯೂಟರಿನೊಳಗೆ ಇಂಗ್ಲಿಷ್ ಅಕ್ಷರಗಳೇ ಇದ್ದು, ನುಡಿ ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸಿದೆ. ಫಾಂಟ್ ಇಲ್ಲದ ಕಡೆ ವೇಷ ಕಳಚಿ ‘ಕನ್ನಡ’ ಎಂಬ ಪದದ ನ ಇರುವಲ್ಲಿ ಪೌಂಡ್ ಚಿಹ್ನೆ ಬರ್ತದೆ. ಇದನ್ನು ಯೂನಿಕೋಡಿಗೆ ಮಾಡುವ ಪರಿವರ್ತಕಗಳು ಉಚಿತವಾಗಿ ಸಿಗ್ತವೆ.

ಮೂಲ ಕಡತದ ನಕಲು ತೆಗೆದಿಟ್ಟು, ಮೊದಲು 50 ಸಾಲು ಮಾತ್ರ ಪರಿವರ್ತಿಸಿ ನೋಡಿ. ಎರಡು ಕಡೆ ಕೆಡ್ತದೆ. ಒಂದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಒತ್ತುವುದು, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಸ್ಥಾನ ಬದಲಿಸದಿದ್ದರೆ ‘ಕಾರ್ಯ’ ಹೋಗಿ ‘ಕಾಯರ್’ ಆಗ್ತದೆ. ಇನ್ನೊಂದು, ನಿಜವಾದ ಇಂಗ್ಲಿಷ್ ಪದಗಳು. ಅವನ್ನೂ ಫಾಂಟಿನ ಅಕ್ಷರ ಎಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿಸ್ತದೆ. ಆದ್ದರಿಂದ ಇಂಗ್ಲಿಷ್ ಪುಸ್ತಕಗಳ ಸಾಲುಗಳನ್ನು ಮೊದಲೇ ಬೇರೆ ಮಾಡಿ.

ಮತ್ತೆ ಗೂಗಲ್ ಶೀಟ್ಸಿಗೆ ಹಾಕಿ. ಸ್ಟಾಕ್ ನಂಬರು, ಹೆಸರು, ಲೇಖಕರು, ಭಾಷೆ, ವಿಷಯ, ಕಪಾಟು, ಇಷ್ಟು ಕಾಲಂ ಸಾಕು. ಸ್ಟಾಕ್ ನಂಬರಿನ ಕಾಲಮ್ಮನ್ನು ‘ಪ್ಲೇನ್ ಟೆಕ್ಸ್ಟ್’ ಮಾಡಿ, ಇಲ್ಲದಿದ್ದರೆ 0045 ಎಂಬುದು 45 ಆಗ್ತದೆ. ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಸಂಖ್ಯೆ ಹಾಕುವುದಾದರೆ ಕನ್ನಡ ಸಾಹಿತ್ಯಕ್ಕೆ 894.814, ಮಲಯಾಳಂಗೆ 894.812. ಲೇಖಕರ ಇನಿಷಿಯಲ್ ನಡುವೆ ಜಾಗ ಬಿಡುವುದೋ ಬೇಡವೋ, ಯಾವುದಾದರೂ ಒಂದೇ ಕ್ರಮ ಇರಲಿ. ‘ಕೆ.ವಿ.’, ‘ಕೆ. ವಿ.’ ಎರಡನ್ನೂ ಶೀಟ್ ಇಬ್ಬರು ಲೇಖಕರು ಎಂದೇ ಎಣಿಸ್ತದೆ.

ಹಂಚುವಾಗ ‘ವ್ಯೂವರ್’ ಮಾತ್ರ ಕೊಡಿ. ತಿದ್ದುವ ಅಧಿಕಾರ ಎಲ್ಲರಿಗೂ ಕೊಟ್ಟರೆ ಯಾರೋ ಒಂದೇ ಕಾಲಮ್ಮನ್ನು ಅಕಾರಾದಿ ಮಾಡಿ ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರ ಹೆಸರು ಅಂಟಿಸ್ತಾರೆ. ಹಾಗೇನಾದರೂ ಆದರೆ ‘ವರ್ಷನ್ ಹಿಸ್ಟರಿ’ಯಿಂದ ಹಿಂದಿನ ದಿನದ ಪ್ರತಿ ವಾಪಸ್ ತರಬಹುದು. ಯಾರು ಯಾವ ಪುಸ್ತಕ ಒಯ್ದರು ಎಂಬ ಪಟ್ಟಿ ಬೇರೆಯೇ ಕಡತದಲ್ಲಿರಲಿ. ಇದೇ ಕಡತದ ಇನ್ನೊಂದು ಹಾಳೆಯಲ್ಲಿಟ್ಟು ಮರೆಮಾಡಿದರೆ ಸಾಲದು, ನಕಲು ಮಾಡಿಕೊಂಡವರು ಅದನ್ನು ತೆರೆದು ನೋಡಬಹುದು. ಒಬ್ಬರು ಏನು ಓದುತ್ತಾರೆ ಎಂಬುದು ಅವರ ಮತ್ತು ಗ್ರಂಥಾಲಯದ ನಡುವಿನ ವಿಷಯ.

ಲೈಬ್ರರಿ ಅಕ್ಕ, ಬದಿಯಡ್ಕ

ಇಬ್ಬರಿಗೂ ಉಪಕಾರ. ಇನ್ನೊಂದು ಸಂಶಯ. ಪುಸ್ತಕವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿ ಎಂದು ತುಂಬ ಜನ ಕೇಳ್ತಾರೆ. ಗೋವಿಂದ ಪೈಗಳ ಕವಿತೆ, ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆ ಪೇಜಿನಲ್ಲಿ ಹಾಕಬಹುದಾ?

ಗಡಿನಾಡ ಓದುಗ

ಗೋವಿಂದ ಪೈಗಳದ್ದು ಹಾಕಬಹುದು, ಕಯ್ಯಾರರದ್ದು ಅನುಮತಿ ಇಲ್ಲದೆ ಆಗದು. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಪೈಗಳು ನಿಧನರಾದದ್ದು 1963ರಲ್ಲಿ, ಹಾಗಾಗಿ 2024ರ ಜನವರಿ 1ರಿಂದ ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು ಎಲ್ಲರ ಸೊತ್ತು. ಅವರ ಕಾಲಾನಂತರ ಮೊದಲ ಬಾರಿ ಅಚ್ಚಾದದ್ದಕ್ಕೆ ಲೆಕ್ಕ ಬೇರೆ, ಅಲ್ಲಿ 60 ವರ್ಷ ಶುರುವಾಗುವುದು ಪ್ರಕಟಣೆಯ ಮರುವರ್ಷದಿಂದ. ಈಚಿನ ಸಂಪುಟದ ಮುನ್ನುಡಿ, ಟಿಪ್ಪಣಿ, ಮುಖಪುಟ ಸಂಪಾದಕರ, ಕಲಾವಿದರ ಹಕ್ಕು. ಆ ಪುಟಗಳನ್ನು ಬಿಡಿ. ಕಯ್ಯಾರರು ತೀರಿಕೊಂಡದ್ದು 2015ರಲ್ಲಿ, ಅಂದರೆ 2075 ಮುಗಿಯುವವರೆಗೆ ಅವರ ಕೃತಿಗಳಿಗೆ ಹಕ್ಕುದಾರರು ಇದ್ದಾರೆ.

ನಿಮ್ಮಲ್ಲಿರುವ ಜೀರ್ಣ ಪ್ರತಿಯನ್ನು ಕಾಪಾಡಲಿಕ್ಕೆ ಸ್ಕ್ಯಾನ್ ಮಾಡಿಟ್ಟುಕೊಳ್ಳಲು ಸಾರ್ವಜನಿಕ ಗ್ರಂಥಾಲಯಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಅದನ್ನು ವಾಟ್ಸಾಪಿನಲ್ಲಿ ಹಂಚಲು ಇಲ್ಲ. ಪುಸ್ತಕ ಪರಿಚಯ ಬರೆದು ನಾಲ್ಕು ಸಾಲು ಉದ್ಧರಿಸಿ, ಲೇಖಕರ ಹೆಸರು ಹಾಕಿದರೆ ತಪ್ಪಿಲ್ಲ.

ಪಯಸ್ವಿನಿ ದಡ

ಒಂದು ಮಾತು ಬಿಟ್ಟುಹೋಗಿತ್ತು ಅಕ್ಕ. ಕಾರ್ಯಕ್ರಮದ ವಿವರವನ್ನು ಪೋಸ್ಟರಿನ ಚಿತ್ರದಲ್ಲಿ ಮಾತ್ರ ಬರೆಯಬೇಡಿ, ಕೆಳಗೆ ಅಕ್ಷರದಲ್ಲೂ ಟೈಪ್ ಮಾಡಿ. ಹುಡುಕಿದರೆ ಸಿಗುವುದು ಅದು, ಕಣ್ಣು ಕಾಣದವರ ಫೋನು ಓದಿ ಹೇಳುವುದೂ ಅದನ್ನೇ. ಮೇಲೆ ಕನ್ನಡ, ಕೆಳಗೆ ಎರಡು ಸಾಲು ಮಲಯಾಳಂ ಇರಲಿ. ಊರ ಹೆಸರನ್ನು ಎರಡು ರೂಪದಲ್ಲೂ ಕೊಡಿ. ಕುಂಬಳೆ ಎಂದು ಹುಡುಕುವವರೂ ಉಂಟು, ಕುಂಬಳ ಎಂದು ಹುಡುಕುವವರೂ ಉಂಟು. ಮಂಜೇಶ್ವರ, ಮಂಜೇಶ್ವರಂ ಕೂಡ ಹಾಗೆಯೇ. ಗೂಗಲ್ ಮ್ಯಾಪಿನಲ್ಲಿ ಗ್ರಂಥಾಲಯವನ್ನು ಸೇರಿಸುವಾಗ ಅವರು ವಿಡಿಯೋ ಕೇಳಬಹುದು. ರಸ್ತೆಯಿಂದ ಶುರುಮಾಡಿ ಬೋರ್ಡ್ ತೋರಿಸಿ, ಬೀಗ ತೆಗೆದು ಒಳಗಿನ ಕಪಾಟಿನವರೆಗೆ ನಡುವೆ ಕಡಿಯದೆ ತೆಗೆಯಿರಿ. ಸಂಜೆ ಕತ್ತಲಾದ ಮೇಲೆ ತೆಗೆದರೆ ಬೋರ್ಡಿನ ಅಕ್ಷರ ಕಾಣದೆ ತಿರಸ್ಕಾರ ಆಗುವ ಸಂಭವ ಉಂಟು, ಹಗಲಿನಲ್ಲೇ ಮಾಡಿ.