ನಾಲ್ಕನೇ ಕಂಬದ ಗೆರೆ

(ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು; ಹೆಸರಿನ ಬದಲು ಮನೆ ನಂಬರ್)

ಜಿ-2: ಬೆಳಗ್ಗೆ ಬೇಸ್‌ಮೆಂಟಿನ ನಾಲ್ಕನೇ ಕಂಬಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದೆ. ನಿನ್ನೆ ಎಳೆದದ್ದು ನೀರೊಳಗೆ ಹೋಗಿದೆ. ಮಳೆನೀರು ಹೋಗೋ ಕಾಲುವೆ ಮೇಲೆ ನಾವೇ ಕಾಂಕ್ರೀಟ್ ಹಾಕಿ ಪಾರ್ಕಿಂಗ್ ಮಾಡ್ಕೊಂಡಿದ್ದೀವಿ. ಅದನ್ನ ಒಡೆಸಬೇಕು. ಎಂಟು ಕಾರು ಆಚೆ ನಿಲ್ಲಬೇಕಾಗುತ್ತೆ, ಅಷ್ಟೇ.

504: ಗುಡ್ ಮಾರ್ನಿಂಗ್ ಮೇಡಂ. ಐದನೇ ಮಹಡಿಯಿಂದ ನೋಡಿದ್ರೆ ನೀರೇನೂ ಕಾಣ್ತಿಲ್ಲ.

302: ಹಿಂದೆಯೂ ಬರ್ತಿತ್ತು, ಹೋಗ್ತಿತ್ತು. ಪ್ರಕೃತಿ ಅಲ್ವಾ.

203: ಗೆರೆ ಮಾತ್ರ ನಿಲ್ಲಿಸಬೇಡಿ ತಾಯಿ. ಮೇಷ್ಟ್ರು ಬುದ್ಧಿ, ಸ್ವಲ್ಪ ಉದ್ದ ಹೇಳ್ತೀನಿ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಭೂಮಿ ಬಿಸಿಯೇರಿಸೋ ಕಾರ್ಬನ್ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 315ರ ಆಸುಪಾಸು ಇತ್ತು. ಈಗ 420 ದಾಟಿದೆ. 1964ರಲ್ಲಿ ದುಡ್ಡಿಲ್ಲ ಅಂತ ಕೆಲವು ತಿಂಗಳು ಅಳತೆ ನಿಂತಿತ್ತು. ಏರೋದು ನಿಂತಿರಲಿಲ್ಲ.

ಕಾರ್ಯದರ್ಶಿ: ತುರ್ತು ಸಭೆ ಕರೆಯಲಾಗಿದೆ. ವಿಷಯ: ಬೇಸ್‌ಮೆಂಟಿನ ತೇವಾಂಶ. ನಡಾವಳಿಯಲ್ಲಿ ‘ಕಾರು’ ಎಂಬ ಪದ ಬೇಡವೆಂದು ಎಂಟು ಸದಸ್ಯರ ಕೋರಿಕೆ ಇದೆ.

203: ವಿಶ್ವಸಂಸ್ಥೆಯ ಹವಾಮಾನ ಸಮಾವೇಶಗಳು 1995ರಿಂದ ನಡೀತಿವೆ. ‘ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕು’ ಅಂತ ನಿರ್ಣಯದಲ್ಲಿ ಬರೆಯೋಕೆ 2023ರ 28ನೇ ಸಮಾವೇಶವೇ ಬರಬೇಕಾಯ್ತು. ನಮ್ಮದು ಎಷ್ಟನೇದು?

ಕಾರ್ಯದರ್ಶಿ: ಮೂರನೇದು ಸಾರ್. ಇನ್ನೂ ಟೈಮಿದೆ.

401: ಸಭೆ ಬೇಸ್‌ಮೆಂಟಲ್ಲೇ ಇಟ್ಕೊಳ್ಳೋಣ. 2009ರಲ್ಲಿ ಸಮುದ್ರ ಏರ್ತಿದೆ ಅಂತ ತೋರಿಸೋಕೆ ಮಾಲ್ಡೀವ್ಸ್ ಮಂತ್ರಿಗಳು ಬೆನ್ನಿಗೆ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಸಂಪುಟ ಸಭೆ ಮಾಡಿದ್ರು. ಫೋಟೋ ಚೆನ್ನಾಗಿ ಬರುತ್ತೆ.

302: ಮೊಣಕಾಲುದ್ದ ನೀರಿಗೆ ಸಿಲಿಂಡರ್ ಯಾಕ್ರೀ?

401: ಮುಂದಿನ ಸಭೆಗೆ.

105: ಗೇಟ್ ಪಕ್ಕದ ಮರ ಬೇರು ಕೊಳೆತು ಬಿತ್ತು 🙏 ಐಸ್‌ಲ್ಯಾಂಡಲ್ಲಿ 2019ರಲ್ಲಿ ಸತ್ತ ಹಿಮನದಿಗೆ ಫಲಕ ಹಾಕಿದ್ರು. ನಾವೂ ಮರಕ್ಕೊಂದು ಹಾಕಿಸೋಣ್ವಾ?

203: ಫಲಕಕ್ಕೆ ಆಗಲೇ ಹತ್ತೊಂಬತ್ತು ಹೆಬ್ಬೆರಳು. ಕಾಲುವೆ ಒಡೆಸೋ ಮಾತಿಗೆ ಒಂದು, ಅದೂ ನಂದೇ.

504: ಲಿಫ್ಟ್ ನಿಂತುಹೋಗಿದೆ!! ಯಾರೂ ಮೊದಲೇ ಯಾಕೆ ಹೇಳಲಿಲ್ಲ?

ಜಿ-2: ಲಿಫ್ಟ್ ಗುಂಡಿಗೆ ನೀರು ಇಳಿದಿದೆ ಸಾರ್. ಒಂಬತ್ತು ದಿನದಿಂದ ಹೇಳ್ತಾನೇ ಇದ್ದೀನಿ.

504: ನೀವು ಹೇಳೋದು ಹೆದರಿಸೋ ಥರ ಇರುತ್ತೆ ಮೇಡಂ. ಅದಕ್ಕೇ ಜನ ಓದಲ್ಲ.

ಕಾರ್ಯದರ್ಶಿ: ನಿರ್ಣಯಗಳು. ಕಾಲುವೆ ಕುರಿತು ಉಪಸಮಿತಿ. 2050ರೊಳಗೆ ಬೇಸ್‌ಮೆಂಟ್ ಸಂಪೂರ್ಣ ಒಣಗಿಸುವ ಗುರಿ. ಮರಕ್ಕೆ ಫಲಕ. ನಾಲ್ಕನೇ ಕಂಬದ ಗೆರೆಗಳು ಮನೆ ನೋಡಲು ಬಂದವರ ಕಣ್ಣಿಗೆ ಬೀಳುತ್ತಿವೆ ಎಂಬ ದೂರಿನ ಮೇರೆಗೆ ಕಂಬಕ್ಕೆ ಬಣ್ಣ ಹೊಡೆಸಲಾಗಿದೆ. ತಿಳಿ ನೀಲಿ.

302: ಸೂಪರ್ ಸಾರ್ 👏 ಕೊನೆಗೂ ಒಂದು ಕೆಲಸ ಆಯ್ತು.

ಜಿ-2: ನೋಡಿ ಬಂದೆ. ಬಣ್ಣ ಒಣಗೋ ಮುಂಚೆನೇ ನೀರು ಮುಟ್ಟಿದೆ, ಮೇಲೆಲ್ಲ ನೀಲಿ ಕೆನೆ ಥರ ತೇಲ್ತಿದೆ. ನಾಳೆಯಿಂದ ಗೆರೆ ಮೆಟ್ಟಿಲ ಮೇಲೆ ಎಳೀತೀನಿ.