‘ವೇಸ್ಟ್ ಹೀಟ್’ಗೆ ‘ವ್ಯರ್ಥ ಶಾಖ’ ಸರೀನಾ? ಕೋಡೊಲೆಯಿಂದ ಒಂದು ಪದ ಮಾಡ್ಬೋದಾ?

ಎಲ್ರಿಗೂ ನಮಸ್ಕಾರ,

ಬಾಯ್ಲರ್ ಕೆಲಸಕ್ಕೆ ಹೊಸದಾಗಿ ಸೇರೋ ಹುಡುಗ್ರಿಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕ ಬರೀತಿದೀನಿ, ‘ವೇಸ್ಟ್ ಹೀಟ್ ರಿಕವರಿ’ (ಒಂದು ಕೆಲಸದಲ್ಲಿ ಮಿಕ್ಕ ಕಾವನ್ನ ಹಿಡಿದು ಇನ್ನೊಂದಕ್ಕೆ ಬಳಸೋದು) ಅನ್ನೋ ಕಡೆ ಬಂದು ನಿಂತೋಗಿದೆ. ‘ವ್ಯರ್ಥ ಶಾಖದ ಮರುಬಳಕೆ’ ಅಂತ ಬರೀಬೋದು, ಆದ್ರೆ ನನಗೆ ಅದು ಒಪ್ತಿಲ್ಲ. ಬಳಸ್ಕೊಂಡಿದ್ದು ವ್ಯರ್ಥ ಹೇಗಾಗತ್ತೆ?

ಸಲ್ಫ್ಯೂರಿಕ್ ಆಸಿಡ್ ಪ್ಲಾಂಟನ್ನೇ ತಗೊಳ್ಳಿ. ಗಂಧಕ ಉರಿದು ಹೊರಡೋ ಗ್ಯಾಸು ಹೆಚ್ಚುಕಮ್ಮಿ 1000 ಡಿಗ್ರಿ ಇರತ್ತೆ, ಮುಂದೆ ವನೇಡಿಯಂ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕು ಮಾಡೋ ವಸ್ತು) ಹತ್ರ ಹೋಗೋಷ್ಟರಲ್ಲಿ ಅದು 420 ಡಿಗ್ರಿ ಆಸುಪಾಸಿಗೆ ಇಳೀಲೇಬೇಕು, ಆ ಇಳಿಸೋ ಕೆಲಸಾನ ಬಾಯ್ಲರ್‌ಗೆ ವಹಿಸಿದ್ರೆ ನೀರು ಸ್ಟೀಮಾಗಿ ಟರ್ಬೈನ್ ತಿರುಗಿಸಿ ಕರೆಂಟೂ ಬರತ್ತೆ. ಅಲ್ಲಿ ಕಾವು ಯಾವತ್ತೂ ವ್ಯರ್ಥ ಆಗಿರ್ಲೇ ಇಲ್ಲ. ಬರೀ ಕರೆಂಟಿಗೆ ಅಂತ ಕಲ್ಲಿದ್ದಲು ಉರಿಸೋ ಹಳೇ ಥರದ ಘಟಕದಲ್ಲಿ ಮಾತ್ರ ಮೂರರಲ್ಲಿ ಒಂದು ಪಾಲು ಕಾವು ಕರೆಂಟಾಗಿ, ಉಳಿದದ್ದು ಕೂಲಿಂಗ್ ಟವರ್ರು, ಚಿಮಣಿ ಪಾಲಾಗತ್ತೆ. ಅದನ್ನ ‘ಪೋಲು ಕಾವು’ ಅನ್ನೋಣ, ನನ್ನ ತಕರಾರಿಲ್ಲ.

ಸಕ್ಕರೆ ಕಾರ್ಖಾನೆಯ ‘ಸಹವಿದ್ಯುತ್’ ಪೇಪರ್‌ನಲ್ಲಿ ನೋಡಿರ್ತೀರಿ, ಅಲ್ಲಿ ಕೆಲಸ ಮಾಡೋರು ‘ಕೋಜೆನ್’ ಅಂತಾರೆ. ಕಬ್ಬಿನ ಸಿಪ್ಪೆ ಉರಿಸಿ ಬಂದ ಸ್ಟೀಮ್ ಮೊದ್ಲು ಟರ್ಬೈನಿಗೆ, ಪ್ರೆಶರ್ ಇಳಿದ್ಮೇಲೆ ಕಬ್ಬಿನಹಾಲು ಕುದಿಸೋಕೆ. ಪದದಲ್ಲಿ ವಿದ್ಯುತ್ ಒಂದೇ ಕಾಣತ್ತೆ, ಆ ಎರಡನೇ ಕೆಲಸ ಕಾಣಲ್ಲ.

ಇದನ್ನೆಲ್ಲ ಯೋಚಿಸ್ತಾ ನಮ್ಮಮ್ಮನ ಒಲೆ ನೆನಪಾಯ್ತು. ದೊಡ್ಡ ಒಲೆ ಮೇಲೆ ಮುದ್ದೆಗೆ ಎಸರು, ಅದರ ಮಗ್ಗುಲಿಗೇ ಸೌದೆ ಇಡೋಕೆ ಬಾಯಿಲ್ಲದ ಕೋಡೊಲೆ, ಅದರ ಮೇಲೆ ಸಾರಿನ ಮಡಕೆ. ದೊಡ್ಡ ಒಲೆಯ ಉರಿ ಒಳಗಿನ ಕಂಡಿಯಿಂದ ಹಾದು ಬಂದು ಮಡಕೆ ತಳ ಸವರ್ಕೊಂಡು ಹೋಗೋದು, ಎಸರು ಮರಳೋ ಹೊತ್ತಿಗೆ ಸಾರೂ ಕುದೀತಿತ್ತು, ಒಂದು ಚಕ್ಕೆ ಸೌದೆ ಹೆಚ್ಚಿಗೆ ಬೇಕಾಗ್ತಿರ್ಲಿಲ್ಲ. ಆಸಿಡ್ ಪ್ಲಾಂಟಿನ ಬಾಯ್ಲರ್ ಮಾಡೋದೂ ಇದನ್ನೇ ಅಲ್ವಾ!

ಹಾಗಾಗಿ ‘ಕೋಡುಕಾವು’ ಅಂತ ಮಾಡಿದ್ರೆ ಹೇಗೆ? ‘ವೇಸ್ಟ್ ಹೀಟ್ ಬಾಯ್ಲರ್’ಗೆ ‘ಕೋಡುಬಾಯ್ಲರ್’. ಕೇಳೋದು ಎರಡು: ಈ ‘ಕೋಡು’ ಕವಲು ಅನ್ನೋ ಅರ್ಥದ್ದಾ, ಇಲ್ಲ ಕೊಂಬಿನ ಥರ ಚಾಚಿರೋದಕ್ಕೆ ಬಂದಿದ್ದಾ? ಆಮೇಲೆ ಉತ್ತರ ಕರ್ನಾಟಕ, ಕರಾವಳಿ ಕಡೆಯವ್ರು ಆ ಮಗ್ಗುಲೊಲೆಗೆ ಏನಂತೀರಿ? ಗ್ಯಾಸ್ ಒಲೆ ಬಿಟ್ಟು ಬೇರೆ ನೋಡದಿರೋ ಹುಡುಗ್ರೂ ಓದ್ತಾರೆ, ಅವ್ರಿಗೆ ಹತ್ತೋ ಪದ ನಿಮ್ಮ ಕಡೆ ಇದ್ರೆ ನನ್ನದು ಬಿಟ್ಟು ಅದನ್ನೇ ಹಾಕ್ತೀನಿ.